ನಿಮ್ಮ ಬೂದು ಬೆಕ್ಕು ಯಾವ ತಳಿ? ಮನೆಯಲ್ಲೇ ಪತ್ತೆ ಮಾಡುವುದು ಹೀಗೆ

ಮಲ್ಲೇಶ್ವರದಲ್ಲಿರುವ ನಮ್ಮ ಅತ್ತಿಗೆ ಮನೆಗೆ ಕಳೆದ ವರ್ಷ ಒಂದು ಬೆಕ್ಕಿನ ಮರಿ ಬಂತು. ಮಳೆ ಮೋಡದ ಬಣ್ಣ. ಅದಕ್ಕೇ ಮುಗಿಲು ಅಂತ ಹೆಸರಿಟ್ಟರು. ಅಂಗಡಿಯವರು ‘ರಷ್ಯನ್ ಬ್ಲೂ, ಅಪ್ಪಟ ತಳಿ’ ಅಂದಿದ್ದರು. ಅತ್ತಿಗೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳವನ್ನೇ ಕೊಟ್ಟು ತಂದಿದ್ದರು. ಹತ್ತು ತಿಂಗಳಾದ ಮೇಲೆ ನನಗೆ ಫೋನ್ ಬಂತು. ‘ಇದರ ಕಣ್ಣು ಹಸಿರಾಗಲೇ ಇಲ್ಲ ಕಣೇ. ಜೇನುತುಪ್ಪದ ಬಣ್ಣಕ್ಕೆ ತಿರುಗಿದೆ. ಕಾಮಾಲೆ ಏನಾದ್ರೂ ಇರಬಹುದಾ?’

ಕಾಮಾಲೆ ಇರಲಿಲ್ಲ. ಭಾನುವಾರ ಬೆಳಿಗ್ಗೆ ಹೋಗಿ ಮುಗಿಲನ್ನು ತೊಡೆ ಮೇಲೆ ಕೂರಿಸಿಕೊಂಡು ತಲೆಯಿಂದ ಬಾಲದವರೆಗೆ ನೋಡಿದೆ. ಬೆಂಗಳೂರಿನಲ್ಲಿ ಈಗ ಬೂದು ಬೆಕ್ಕು ಕಂಡರೆ ಸಾಕು, ರಷ್ಯನ್ ಬ್ಲೂ ಅಂದುಬಿಡುತ್ತಾರೆ. ಬರೀ ಬಣ್ಣ ನೋಡಿ ತಳಿ ಹೇಳಲು ಆಗುವುದಿಲ್ಲ. ಕೂದಲಿನ ಬುಡ, ಅಂಗಾಲು, ಕಣ್ಣು, ಮೈ, ಮುಖ, ಕೊನೆಗೆ ಕಾಗದ ಪತ್ರ. ಈ ಕ್ರಮದಲ್ಲಿ ನೋಡುತ್ತಾ ಹೋಗಿ. ಮರಿ ಕೊಳ್ಳುವ ಮುಂಚೆಯೇ ನೋಡಿದರೆ ಇನ್ನೂ ಒಳ್ಳೆಯದು.

1. ಕಿಟಕಿ ಪಕ್ಕ ಕೂರಿಸಿ, ಬೈತಲೆ ತೆಗೆಯಿರಿ

ಟ್ಯೂಬ್‌ಲೈಟ್ ಬೆಳಕನ್ನು ನಂಬಬೇಡಿ. ಬೆಳಗಿನ ಬಿಸಿಲು ಬೀಳುವ ಜಾಗದಲ್ಲಿ ಬೆಕ್ಕನ್ನು ಕೂರಿಸಿ. ಅದು ಆರಾಮಾಗುವವರೆಗೆ ಕತ್ತು ಸವರುತ್ತಾ ಇರಿ. ಆಮೇಲೆ ಬೆನ್ನಿನ ಕೂದಲನ್ನು ಎರಡು ಬೆರಳಲ್ಲಿ ಬೈತಲೆ ತೆಗೆದ ಹಾಗೆ ಬಿಡಿಸಿ ಬುಡ ನೋಡಿ.

ಬುಡದಿಂದ ತುದಿಯವರೆಗೆ ಒಂದೇ ಬೂದು ಬಣ್ಣ ಇದ್ದರೆ ಅದು ನಿಜವಾದ ‘ನೀಲಿ’. ಬೆಕ್ಕು ಸಾಕುವವರು ಈ ಬೂದು ಬಣ್ಣವನ್ನು ನೀಲಿ ಅಂತಲೇ ಕರೆಯುತ್ತಾರೆ. ಬುಡ ಬೆಳ್ಳಗಿದ್ದು ತುದಿ ಮಾತ್ರ ಕಪ್ಪಾಗಿದ್ದರೆ ಅದು ‘ಸ್ಮೋಕ್’, ದೂರದಿಂದ ಮಾತ್ರ ಬೂದು ಕಾಣುತ್ತದೆ. ಒಂದೊಂದು ಕೂದಲಲ್ಲೂ ಕಪ್ಪು, ಮಾಸಲು ಹಳದಿ ಅಂತ ಪಟ್ಟೆ ಇದ್ದರೆ ಅದು ನಮ್ಮ ಬೀದಿಗಳಲ್ಲಿ ಎಲ್ಲೆಲ್ಲೂ ಕಾಣುವ ಪಟ್ಟೆ ಬೆಕ್ಕು.

ಇಷ್ಟು ನೋಡಿಯೂ ಅನುಮಾನ ಇದ್ದರೆ ಕಾಲು ಎತ್ತಿ ಅಂಗಾಲಿನ ಮೆತ್ತೆ ನೋಡಿ. ಮೆತ್ತೆ ಕಪ್ಪಾಗಿದ್ದರೆ ಮೈಯ ಬಣ್ಣವೂ ಮೂಲದಲ್ಲಿ ಕಪ್ಪೇ. ಬೂದು ಅಥವಾ ತೆಳು ನೇರಳೆ ಛಾಯೆ ಇದ್ದರೆ ನೀಲಿ. ಮುಗಿಲಿನ ಅಂಗಾಲು ಆಗಷ್ಟೇ ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟಿನ ಬಣ್ಣದಲ್ಲಿತ್ತು. ಅಂದರೆ ಬಣ್ಣದ ವಿಷಯದಲ್ಲಿ ಮೋಸ ಆಗಿರಲಿಲ್ಲ.

ಈ ಬಣ್ಣ ಬರುವುದು ಹೇಗೆ ಗೊತ್ತಾ? ಬಾಗಿಲ ಮುಂದೆ ರಂಗೋಲಿಗೆ ಬಣ್ಣ ತುಂಬುವುದನ್ನು ನೆನಪಿಸಿಕೊಳ್ಳಿ. ಪುಡಿಯನ್ನು ಸಮನಾಗಿ ಉದುರಿಸಿದರೆ ನೆಲ ಕಾಣದಂತೆ ಗಾಢವಾಗಿ ತುಂಬಿಕೊಳ್ಳುತ್ತದೆ. ಅದೇ ಪುಡಿ ಗಂಟು ಗಂಟಾಗಿ ಬಿದ್ದರೆ ನಡುನಡುವೆ ನೆಲ ಇಣುಕುತ್ತದೆ, ಬಣ್ಣ ಪೇಲವವಾಗುತ್ತದೆ. ನೀಲಿ ಬೆಕ್ಕಿನ ಕೂದಲೊಳಗೂ ಹೀಗೇ ಆಗುತ್ತದೆ. ಇರುವುದು ಕಪ್ಪು ಬಣ್ಣದ ಕಣಗಳೇ. ಅವು ಸಮನಾಗಿ ಹರಡದೆ ಗಂಟುಕಟ್ಟುತ್ತವೆ. ಕಣಗಳನ್ನು ಸಾಗಿಸುವ ಮೆಲನೋಫಿಲಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿರುವುದು ಇದಕ್ಕೆ ಕಾರಣ ಎಂದು 2006ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕೇಸರಿ ಬೆಕ್ಕಿನಲ್ಲಿ ಇದೇ ಬದಲಾವಣೆ ಆದರೆ ಅದು ಕೆನೆ ಬಣ್ಣಕ್ಕೆ ತಿರುಗುತ್ತದೆ.

ತಾಯಿ, ತಂದೆ ಇಬ್ಬರಿಂದಲೂ ಈ ಜೀನ್ ಬಂದರೆ ಮಾತ್ರ ಮರಿ ಬೂದಾಗುತ್ತದೆ. ಹಾಗಾಗಿ ಎರಡು ಕಪ್ಪು ಬೆಕ್ಕುಗಳು ಈ ಜೀನನ್ನು ಒಳಗೇ ಹೊತ್ತುಕೊಂಡಿದ್ದರೆ ಅವಕ್ಕೆ ಬೂದು ಮರಿ ಹುಟ್ಟಬಹುದು. ಪ್ರತಿ ಮರಿಗೂ ಆ ಸಾಧ್ಯತೆ ನಾಲ್ಕರಲ್ಲಿ ಒಂದು. ಈ ಜೀನ್ ಯಾವುದೋ ಒಂದು ತಳಿಯ ಸ್ವತ್ತಲ್ಲ. ನಮ್ಮ ಬೀದಿ ಬೆಕ್ಕುಗಳಲ್ಲೂ ಇದೆ.

2. ಕಣ್ಣು ನೋಡಿ, ಆದರೆ ವಯಸ್ಸು ಕೇಳಿ ನೋಡಿ

ಬೆಳೆದ ಬೆಕ್ಕಿನಲ್ಲಿ ತಳಿ ಬೇರ್ಪಡಿಸಲು ಕಣ್ಣಿನಷ್ಟು ಸುಲಭದ ಗುರುತು ಇನ್ನೊಂದಿಲ್ಲ. ರಷ್ಯನ್ ಬ್ಲೂ ಮತ್ತು ಕೊರಾಟ್ ತಳಿಗಳಿಗೆ ಹಸಿರು ಕಣ್ಣು. ಬ್ರಿಟಿಷ್ ಶಾರ್ಟ್‌ಹೇರ್‌ನ ನೀಲಿ ಬೆಕ್ಕಿಗೆ ಮತ್ತು ಫ್ರಾನ್ಸಿನ ಶಾರ್ಟ್ರೂ ತಳಿಗೆ ತಾಮ್ರ ಅಥವಾ ಬಂಗಾರದ ಬಣ್ಣದ ಕಣ್ಣು. ನೀಲಿ ಪರ್ಷಿಯನ್‌ಗೂ ತಾಮ್ರದ ಕಣ್ಣೇ.

ಮರಿಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಎಲ್ಲ ಬೆಕ್ಕಿನ ಮರಿಗಳೂ ಕಣ್ಣು ಬಿಡುವಾಗ ನೀಲಿ ಕಣ್ಣಿನವೇ. ಆರೇಳು ವಾರದ ಹೊತ್ತಿಗೆ ಬಣ್ಣ ಬದಲಾಗಲು ಶುರುವಾಗುತ್ತದೆ. ರಷ್ಯನ್ ಬ್ಲೂ ಮರಿಯ ಕಣ್ಣು ಮೊದಲು ಹಳದಿಗೆ ತಿರುಗಿ ಆಮೇಲೆ ಹಸಿರಾಗುತ್ತದೆ. ಕೊರಾಟ್‌ಗೆ ಪೂರ್ತಿ ಹಸಿರು ಬರಲು 2ರಿಂದ 4 ವರ್ಷ ಬೇಕು. ಎರಡು ತಿಂಗಳ ಮರಿಯ ಕಣ್ಣು ತೋರಿಸಿ ಯಾರಾದರೂ ತಳಿ ಹೇಳಿದರೆ ಒಪ್ಪಬೇಡಿ. ತಾಯಿ ಬೆಕ್ಕನ್ನು ತೋರಿಸಿ ಅನ್ನಿ.

3. ಬೆರಳಲ್ಲಿ ಒಂದು ಗೆರೆ ಎಳೆಯಿರಿ

ಇದು ನನಗೆ ತುಂಬಾ ಇಷ್ಟದ ಪರೀಕ್ಷೆ. ತೋರುಬೆರಳನ್ನು ಬೆಕ್ಕಿನ ಬೆನ್ನಿನ ಮೇಲೆ ಮೆಲ್ಲಗೆ ಒತ್ತಿ ಒಂದು ಗೆರೆ ಎಳೆಯಿರಿ. ರಷ್ಯನ್ ಬ್ಲೂಗೆ ಮೇಲೊಂದು ಪದರ, ಒಳಗೊಂದು ಪದರ ಅಂತ ಒತ್ತಾದ ಜೋಡಿ ಕೂದಲು. ಅದು ಮೈಗೆ ಅಂಟಿಕೊಳ್ಳದೆ ಎದ್ದು ನಿಂತಿರುತ್ತದೆ. ಮಖಮಲ್ ಬಟ್ಟೆ ಮೇಲೆ ಎಳೆದ ಹಾಗೆ ಗೆರೆ ಅಲ್ಲೇ ಉಳಿಯುತ್ತದೆ. ಕೈಯಲ್ಲಿ ಸವರಿದರೆ ಮಾತ್ರ ಅಳಿಸುತ್ತದೆ. ಬಿಸಿಲಿಗೆ ಹಿಡಿದರೆ ಕೂದಲ ತುದಿ ಬೆಳ್ಳಿ ನೀರಲ್ಲಿ ಅದ್ದಿದಂತೆ ಮಿನುಗುತ್ತದೆ.

ಕೊರಾಟ್‌ಗೂ ಬೆಳ್ಳಿ ತುದಿ ಇದೆ. ಆದರೆ ಒಳಪದರ ಇಲ್ಲ. ಒಂದೇ ಪದರದ ಕೂದಲು ಮೈಗೆ ಒತ್ತಿಕೊಂಡು ಮಲಗಿರುತ್ತದೆ, ಗೆರೆ ನಿಲ್ಲುವುದಿಲ್ಲ. ಬ್ರಿಟಿಷ್ ಶಾರ್ಟ್‌ಹೇರ್‌ನದು ದಪ್ಪ ಕಾರ್ಪೆಟ್. ಬೆಕ್ಕು ಕತ್ತು ತಿರುಗಿಸಿದಾಗ ಕೂದಲು ಬಿರುಕು ಬಿಟ್ಟ ಹಾಗೆ ಬಿಡಿಸಿಕೊಳ್ಳುತ್ತದೆ. ಶಾರ್ಟ್ರೂ ಕೂದಲು ಕೈಗೆ ಕುರಿ ಉಣ್ಣೆಯ ಹಾಗೆ ಸಿಗುತ್ತದೆ. ಉದ್ದ ಕೂದಲಿನ ಬೂದು ಬೆಕ್ಕಾದರೆ ನಮ್ಮೂರಲ್ಲಿ ಅದು ಬಹುಪಾಲು ಪರ್ಷಿಯನ್ ಅಥವಾ ಪರ್ಷಿಯನ್ ಮಿಶ್ರ. ರಷ್ಯನ್ ಬ್ಲೂ ತರಹದ್ದೇ ಮೈಕಟ್ಟು, ಉದ್ದ ಕೂದಲು ಇರುವ ನೆಬೆಲುಂಗ್ ಎಂಬ ತಳಿಯನ್ನು ಅಮೆರಿಕದಲ್ಲಿ 1980ರ ದಶಕದಲ್ಲಿ ಬೆಳೆಸಿದರು.

ಮುಗಿಲಿನ ಬೆನ್ನ ಮೇಲೆ ನಾನು ಎಳೆದ ಗೆರೆ ಬೆರಳು ತೆಗೆಯುವ ಮುಂಚೆಯೇ ಮಾಯವಾಯಿತು.

4. ಮುಖದ ಆಕಾರ, ಮೈಕಟ್ಟು

ರಷ್ಯನ್ ಬ್ಲೂ ತೆಳ್ಳಗೆ, ಉದ್ದ ಕಾಲು. ಬಾಯಿಯ ಎರಡೂ ತುದಿ ಸ್ವಲ್ಪ ಮೇಲಕ್ಕೆ, ಸದಾ ಮುಗುಳ್ನಗುವ ಹಾಗೆ. ರಷ್ಯಾದ ಅರ್ಖಾಂಗೆಲ್ಸ್ಕ್ ಬಂದರಿನಿಂದ ಹಡಗುಗಳಲ್ಲಿ ಇಂಗ್ಲೆಂಡಿಗೆ ಬಂತು ಅನ್ನುತ್ತಾರೆ. 1875ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಆ ಊರ ಹೆಸರಲ್ಲೇ ಇದನ್ನು ಇಟ್ಟಿದ್ದರು. ಆಗ ಬೂದು ಬೆಕ್ಕುಗಳನ್ನೆಲ್ಲ ಒಂದೇ ಗುಂಪಿಗೆ ಹಾಕುತ್ತಿದ್ದರು. 1912ರಲ್ಲಿ ಬೇರೆ ಗುಂಪು ಸಿಕ್ಕಿತು.

ಬ್ರಿಟಿಷ್ ಶಾರ್ಟ್‌ಹೇರ್ ಗುಂಡು ಗುಂಡು. ತಲೆ, ಕೆನ್ನೆ, ಕಣ್ಣು, ಪಾದ ಎಲ್ಲವೂ ಗುಂಡು. ಶಾರ್ಟ್ರೂಗೆ ಭಾರದ ಮೈ, ಅದಕ್ಕೆ ಹೋಲಿಸಿದರೆ ಸಣ್ಣ ಕಾಲು. ಅದು ಕೂಗುವುದು ಬಹಳ ಕಡಿಮೆ. ಫ್ರಾನ್ಸಿನ ಅಧ್ಯಕ್ಷರಾಗಿದ್ದ ಶಾರ್ಲ್ ದ ಗಾಲ್ ಅವರ ಮನೆಯಲ್ಲಿ ಇದ್ದದ್ದು ಇದೇ ತಳಿ.

ಕೊರಾಟ್ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಇದು ಥಾಯ್ಲೆಂಡಿನ ಹಳೆಯ ತಳಿ, ಅಲ್ಲಿನ ಖೋರಾಟ್ ಪ್ರಾಂತ್ಯದ ಹೆಸರು ಇದಕ್ಕೆ ಬಂದಿದೆ. ಮುಂದಿನಿಂದ ನೋಡಿದರೆ ಮುಖ ಹೃದಯದ ಆಕಾರ. ಥಾಯ್ ಜನ ಇದನ್ನು ‘ಸಿ ಸವಾತ್’ ಅಂತಾರೆ. ‘ಸಿ’ ಅಂದರೆ ಬಣ್ಣ, ‘ಸವಾತ್’ ಅಂದರೆ ನಮ್ಮ ಗಜ್ಜುಗ. ಚಿಕ್ಕಂದಿನಲ್ಲಿ ಗಜ್ಜುಗದ ಕಾಯಿ ಹಿಡಿದು ಆಡಿದವರಿಗೆ ಆ ನಯವಾದ, ತಣ್ಣನೆಯ ಬೂದು ಬಣ್ಣ ಕಣ್ಣಿಗೆ ಕಟ್ಟಿದ ಹಾಗಿರುತ್ತದೆ, ಅಲ್ವಾ? ಮದುಮಕ್ಕಳಿಗೆ ಈ ಬೆಕ್ಕಿನ ಜೋಡಿ ಉಡುಗೊರೆ ಕೊಡುವುದು ಅಲ್ಲಿ ಶುಭ. ನಮ್ಮ ಹಳ್ಳಿಗಳಲ್ಲಿ ಮಳೆ ಬರಲಿ ಅಂತ ಕಪ್ಪೆ ಮದುವೆ ಮಾಡುತ್ತಾರಲ್ಲ, ಹಾಗೇ ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ ಮಳೆಗಾಗಿ ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿ ಮೆರವಣಿಗೆ ಮಾಡಿ ನೀರು ಚಿಮುಕಿಸುವ ಪದ್ಧತಿ ಇದೆ.

ಮತ್ತೆ ಮುಗಿಲು. ಮುಖ ಗುಂಡೂ ಅಲ್ಲ, ಹೃದಯದ ಆಕಾರವೂ ಅಲ್ಲ. ಬಾಲವನ್ನು ಬಿಸಿಲಿಗೆ ಹಿಡಿದಾಗ ತೆಳ್ಳಗೆ ಬಳೆ ಬಳೆಯಾಗಿ ಪಟ್ಟೆ ಕಂಡವು. ಮರಿಯಾಗಿದ್ದಾಗ ಎಲ್ಲ ತಳಿಯಲ್ಲೂ ಈ ಪಟ್ಟೆ ಇರಬಹುದು, ಬೆಳೆದಂತೆ ಮಾಸುತ್ತದೆ. ಹತ್ತು ತಿಂಗಳಿಗೂ ಉಳಿದಿದೆ, ಕಣ್ಣು ಹಳದಿ, ಕೂದಲು ಒಂದೇ ಪದರ. ಮುಗಿಲು ನಮ್ಮೂರ ಬೆಕ್ಕು. ಬಲು ಚೆಂದದ ನಮ್ಮೂರ ಬೆಕ್ಕು.

5. ದುಡ್ಡು ಕೊಡುವ ಮುಂಚೆ ಕಾಗದ ಕೇಳಿ

ತಳಿಯ ಬೆಲೆ ಕೊಡುವುದಾದರೆ ವಂಶಾವಳಿ ಪತ್ರ ಇರಲೇಬೇಕು. ಅದರಲ್ಲಿ ತಂದೆ ತಾಯಿಯ ಹೆಸರು, ನೋಂದಣಿ ಸಂಖ್ಯೆ ಇರುತ್ತದೆ. ಸಂಖ್ಯೆಯನ್ನು ಪತ್ರ ಕೊಟ್ಟ ಸಂಸ್ಥೆಗೇ ಇಮೇಲ್ ಮಾಡಿ ಖಾತ್ರಿ ಮಾಡಿಕೊಳ್ಳಿ. ‘ಲಸಿಕೆ ಕಾರ್ಡ್‌ನಲ್ಲಿ ರಷ್ಯನ್ ಬ್ಲೂ ಅಂತ ಬರೆದಿದೆಯಲ್ಲ’ ಅಂದರೆ ಅದು ಸಾಕ್ಷಿಯಲ್ಲ. ಡಾಕ್ಟರು ನೀವು ಹೇಳಿದ್ದನ್ನೇ ಅಲ್ಲಿ ಬರೆದಿರುತ್ತಾರೆ. ಬ್ರಿಟಿಷ್ ಶಾರ್ಟ್‌ಹೇರ್, ಪರ್ಷಿಯನ್ ಆದರೆ ತಂದೆ ತಾಯಿಗೆ ಕಿಡ್ನಿಯಲ್ಲಿ ಗುಳ್ಳೆಯಾಗುವ ಆನುವಂಶಿಕ ಕಾಯಿಲೆಯ ಪರೀಕ್ಷೆ ಆಗಿದೆಯಾ ಕೇಳಿ.

ಸಾಕುಪ್ರಾಣಿ ಅಂಗಡಿಗಳಿಗೆ 2018ರ ಕೇಂದ್ರ ನಿಯಮ ಇದೆ. ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮುಗಿಲು ಬಂದಾಗ ಐದು ವಾರವೂ ತುಂಬಿರಲಿಲ್ಲ. ಮೊದಲ ಹತ್ತು ದಿನ ಭೇದಿಯಾಗಿ ಅವಳು ಬಸವಳಿದದ್ದನ್ನು ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

‘ಈ ತಳಿಯಿಂದ ಅಲರ್ಜಿ ಆಗಲ್ಲ’ ಅನ್ನುವ ಮಾತನ್ನೂ ನಂಬಬೇಡಿ. ಅಲರ್ಜಿ ತರುವ ಪ್ರೋಟೀನ್ ಬೆಕ್ಕಿನ ಜೊಲ್ಲಿನಲ್ಲಿ, ಚರ್ಮದಲ್ಲಿ ಇರುತ್ತದೆ. ಅದು ಪೂರ್ತಿ ಇಲ್ಲದ ತಳಿ ಯಾವುದೂ ಇಲ್ಲ.

6. ಮನೆಗೆ ಬಂದ ಮೇಲೆ

ಇಲ್ಲಿ ತಳಿ ಭೇದ ಇಲ್ಲ. 6ರಿಂದ 8 ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರದವರೆಗೆ. ರೇಬಿಸ್ ಲಸಿಕೆ 12 ವಾರದ ನಂತರ. ಐದಾರು ತಿಂಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಹತ್ತಿರದಲ್ಲಿ ಡಾಕ್ಟರು ಇಲ್ಲದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದು.

ಅತ್ತಿಗೆ ಮನೆಯವರು ಸಸ್ಯಾಹಾರಿಗಳು. ಮೊದಮೊದಲು ಹಾಲು, ಮೊಸರನ್ನ ಕೊಡುತ್ತಿದ್ದರು. ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಬೇಕೇ ಬೇಕು. ಅದು ಸಿಗುವುದು ಮಾಂಸ, ಮೀನಿನಲ್ಲಿ. ಇಲ್ಲದಿದ್ದರೆ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಮನೆಯಲ್ಲಿ ಮಾಂಸ ಮಾಡದವರು ಬೆಕ್ಕಿನದೇ ಆಹಾರ ತಂದಿಡಿ. ನಾಯಿಯದು ಆಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಲಿಲಿ ಹೂವು, ಪ್ಯಾರಾಸಿಟಮಾಲ್ ಮಾತ್ರೆ, ನಾಯಿಗೆ ಹಚ್ಚುವ ಉಣ್ಣೆಹುಳದ ಔಷಧಿ, ಇವೆಲ್ಲ ಬೆಕ್ಕಿಗೆ ವಿಷ.

ವಾರಕ್ಕೆ ಎರಡು ಸಲ ಬಾಚಿ. ಅಪಾರ್ಟ್‌ಮೆಂಟ್ ಆದರೆ ಬಾಲ್ಕನಿಗೆ ಗಟ್ಟಿ ನೆಟ್ ಹಾಕಿಸಿ. ಪಾರಿವಾಳ ಕಂಡರೆ ಬೆಕ್ಕಿಗೆ ಎತ್ತರ ಮರೆತುಹೋಗುತ್ತದೆ. ಅತ್ತಿಗೆ ಮೂರನೇ ಮಹಡಿಯ ಬಾಲ್ಕನಿಗೆ ನೆಟ್ ಹಾಕಿಸಿದ್ದಾರೆ. ಮಧ್ಯಾಹ್ನವೆಲ್ಲ ಮುಗಿಲು ಅಲ್ಲೇ ಬಿಸಿಲಿಗೆ ಬಿದ್ದುಕೊಂಡಿರುತ್ತಾಳೆ. ಬೆನ್ನಿನ ಮೇಲೆ ಕೂದಲು ಸ್ವಲ್ಪ ಕಂದು ತಿರುಗಿದೆ ಅಂತ ಮೊನ್ನೆ ಮತ್ತೆ ಫೋನ್ ಬಂತು. ಜಾಸ್ತಿ ಬಿಸಿಲು ಕಾದರೆ ನೀಲಿ ಕೂದಲು ಹೀಗೆ ಮಾಸುತ್ತದೆ. ಹಳೆ ಕೂದಲು ಉದುರಿ ಹೊಸದು ಬಂದಾಗ ಮತ್ತೆ ಮೋಡದ ಬಣ್ಣ ಬರುತ್ತದೆ.