ಬ್ಯಾನರ್ ಬಿಟ್ಟು ಕುರ್ಚಿ ಹಿಡಿದ ಮೇಲೆ

ಗುಳೇದಗುಡ್ಡದ ಸುತ್ತಿನ ಹಳ್ಳಿಗಳಲ್ಲಿ ಪುನರ್ವಸತಿ ಕಾರ್ಯಕರ್ತನಾಗಿ ಓಡಾಡುವವನು ನಾನು. ನೆಟ್ಟಗೆ ಕೂರಲು ಬರದ ಸಿ.ಪಿ. (ಸೆರೆಬ್ರಲ್ ಪಾಲ್ಸಿ) ಮಕ್ಕಳನ್ನೂ ಊರ ಶಾಲೆಯಲ್ಲೇ ಕೂರಿಸುತ್ತೇನೆ ಅಂದಾಗ ಮೀಟಿಂಗಿನಲ್ಲಿ ನಕ್ಕವರೇ ಜಾಸ್ತಿ. ಈಗ ಅವರೇ ಫೋನ್ ಮಾಡಿ ಆ ಮಕ್ಕಳಿಗೆ ನಾನು ಮಾಡಿಸಿದ ಕುರ್ಚಿಯ ಅಳತೆ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಸುರಿದದ್ದು ಭಾಷಣಕ್ಕೆ. ಅಕ್ಟೋಬರ್ 6, ವಿಶ್ವ ಸೆರೆಬ್ರಲ್ ಪಾಲ್ಸಿ ದಿನ. ಹಸಿರು ಬ್ಯಾನರ್, ಮೈಕು, ಚಹಾ-ಚುರುಮುರಿ, ಗಣ್ಯರಿಗೆ ಶಾಲು. ಏಳೆಂಟು ಸಾವಿರ ಖರ್ಚಾಯಿತು. ಇದು ಅಂಟುರೋಗ ಅಲ್ಲ, ಶಾಪ ಅಲ್ಲ, ಬೆಳೆಯುವ ಮೆದುಳಿಗೆ ಬಿದ್ದ ಪೆಟ್ಟು ಅಂತ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಒಬ್ಬ ಮಾಸ್ತರು ಪಕ್ಕಕ್ಕೆ ಕರೆದು ಕೇಳಿದರು: “ಅಲ್ರೀ, ನೀವು ಹೇಳಿದ್ದೆಲ್ಲಾ ಖರೆ. ಆದ್ರ ಆ ಕೂಸು ಸಾಲ್ಯಾಗ ಕುಂಡ್ರೂದರ ಹ್ಯಾಂಗ್ರಿ?” ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಮುಂದಿಡಬಹುದಿತ್ತು. ಆದರೆ ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಗೋಡೆಗೆ ಒರಗಿಸಿಟ್ಟ ಮಗು ಹಾಜರಿ ಪುಸ್ತಕದಲ್ಲಿ ಮಾತ್ರ ಇರುತ್ತದೆ, ಅಲ್ವಾ?

ಅಂಗಡಿಯಲ್ಲಿ ಇಂಥ ಮಕ್ಕಳ ಕುರ್ಚಿಗೆ ಹದಿನೈದು ಸಾವಿರದ ಮೇಲೆ ಹೇಳಿದರು. ದಾನವಾಗಿ ಒಂದು ಸಿಕ್ಕಿತು. ನಲಿ-ಕಲಿ ಮಕ್ಕಳೆಲ್ಲ ನೆಲದ ಮೇಲೆ, ಮಾಸ್ತರು ಕೇಳಿದ್ದ ಆ ಹುಡುಗಿ ಒಬ್ಬಳೇ ತೇರಿನಲ್ಲಿ ಕೂತ ಹಾಗೆ ಮೇಲೆ! ಯಾರೂ ಹತ್ತಿರ ಬರಲಿಲ್ಲ. ನೆಲಮಟ್ಟದ ಮೂಲೆ ಕುರ್ಚಿಯೇ (ಬೆನ್ನಿಗೆ ಎರಡು ಹಲಗೆ ಗೋಡೆ ಮೂಲೆಯಂತೆ ಕೂಡಿದ್ದು) ಬೇಕು ಅಂತ ಆಗ ತೀರ್ಮಾನಿಸಿದೆ.

ಬನಶಂಕರಿ ಜಾತ್ರೆಯಲ್ಲಿ ಬಾಗಿಲು-ಚೌಕಟ್ಟು ಮಾರುವವರ ಹತ್ತಿರ ತುಂಡು ಹಲಗೆ ಅಗ್ಗಕ್ಕೆ ಸಿಕ್ಕವು. ಬಡಿಗೇರ ಕಾಕಾನ ಕೂಲಿ ಸೇರಿ ಎರಡು ಸಾವಿರದ ಆಸುಪಾಸು. ಮೊದಲನೆಯದರಲ್ಲಿ ಕಾಲು ಚಾಚಿ ಕೂರಿಸಿದೆವು. ತೊಡೆಯ ಹಿಂದಿನ ಸ್ನಾಯು ಬಿಗಿ, ಹುಡುಗಿ ಮುಂದಕ್ಕೆ ಜಾರಿ ಜಾರಿ ಬಂದಳು. ಫಿಜಿಯೋ ಮೇಡಂ ಹೇಳಿದಂತೆ ಆಸನವನ್ನು ನಾಲ್ಕು ಬೆರಳು ಎತ್ತರಿಸಿದೆವು. ಮೊಣಕಾಲು ಮಡಚಿತು, ಬೆನ್ನು ನೆಟ್ಟಗಾಯಿತು. ಬೆಲ್ಟಿಗೆ ಸೈಕಲ್ ಟ್ಯೂಬು ಹಾಕಿದ್ದು ಬ್ಯಾಸಿಗೆಯಲ್ಲಿ ಚರ್ಮ ಕೆಂಪಗೆ ಮಾಡಿತು. ಅವರವ್ವ ಕುಬಸಕ್ಕೆ ಕತ್ತರಿಸಿ ಉಳಿದ ಖಣದ ಚೂರು ಮೇಲೆ ಹೊಲಿದರು. ನಮಗೂ ಅಂಥದ್ದೇ ಬೆಲ್ಟ್ ಬೇಕು ಅಂತ ಬೇರೆ ಹುಡುಗಿಯರ ಹಟ!

ಕಾಲು ಕತ್ತರಿಯಂತೆ ಒಂದರ ಮೇಲೊಂದು ಹೋಗದಂತೆ ಮೊಣಕಾಲ ನಡುವೆ ಗುಟ್ಟ, ಅಂದರೆ ಒಂದು ದಪ್ಪ ತುಂಡು, ಬೇಕು. ಪಾಯಖಾನೆಗೆ ಒಯ್ಯುವಾಗ ಒಂದೇ ಕೈಯಲ್ಲಿ ಕಳಚುವ ಹಾಗೆ ನಾನು ಕೂರಿಸಿದ ಬಗೆ ಮಾತ್ರ ಇಲ್ಲಿ ಹೇಳುವುದಿಲ್ಲ. ಬಂದು ನೋಡಿ, ಚಹಾ ನನ್ನದು.

ಕುರ್ಚಿಯ ಮುಂದೆ ಮೇಜಿನಂತೆ ಇಟ್ಟ ಹಲಗೆಯಿಂದ ಆದ ಕೆಲಸ ಯಾವ ಬ್ಯಾನರಿನಿಂದಲೂ ಆಗಲಿಲ್ಲ. ಅದು ಇದ್ದದ್ದು ಬರೆಯಲಿಕ್ಕೆ. ಮಕ್ಕಳು ಅದರ ಮೇಲೆ ಚೌಕಾಬಾರ ಮನೆ ಗೀಚಿದರು. ಹುಡುಗಿ ಮುಷ್ಟಿಯಿಂದ ಕವಡೆ ತಳ್ಳುತ್ತಾಳೆ. ಯಾವ ಕಾಯಿ ನಡೆಸಬೇಕು ಅಂತ ಕಣ್ಣಲ್ಲೇ ತೋರಿಸುತ್ತಾಳೆ. ಅವಳಿಗೆ ಬುದ್ಧಿ ಇಲ್ಲ ಅಂದುಕೊಂಡಿದ್ದ ಹುಡುಗರು ಸೋತು ಸೋತು ಸುಮ್ಮನಾದರು. ಜೊಲ್ಲು ಸುರಿದರೆ ಪಕ್ಕದವಳೇ ಕರ್ಚೀಫು ಹಿಡಿಯುತ್ತಾಳೆ, ನಾನು ಕಲಿಸಿದ್ದಲ್ಲ. ಬಿಸಿಯೂಟಕ್ಕೆ ಚಮಚದ ಹಿಡಿಗೆ ಅದೇ ಹಳೆ ಟ್ಯೂಬು ಸುತ್ತಿ ದಪ್ಪ ಮಾಡಿದೆ. ಅರ್ಧ ಅನ್ನ ಕೆಳಗೆ ಬೀಳುತ್ತದೆ, ಇನ್ನೂ ಸರಿಹೋಗಿಲ್ಲ.

ಶಾಲೆ ಬಾಗಿಲ ಇಳಿಜಾರಿಗೆ (ರ್‍ಯಾಂಪಿಗೆ) ಅಂಗವಿಕಲರಿಗೆಂದು ಪಂಚಾಯಿತಿ ತೆಗೆದಿಡುವ ಶೇಕಡಾ 5ರ ಅನುದಾನ ಕೇಳಿ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬಿಡಿಸಿ, ಗುತ್ತಿಗೆದಾರ ಆರಕ್ಕೇ ಮುಗಿಸಲು ನೋಡುತ್ತಾನೆ. ಆರು ತಿಂಗಳಿಗೊಮ್ಮೆ ಕುರ್ಚಿಯ ಅಳತೆ ನೋಡಲೇಬೇಕು. ಚಿಕ್ಕದಾದದ್ದನ್ನು ಮೂಲೆಗೆ ಎಸೆಯದೆ ನನಗೆ ಕೊಡಿ. ಬಾದಾಮಿ ಕಡೆಯಿಂದ ಇಬ್ಬರು ತಾಯಂದಿರು ಕೇಳಿಟ್ಟಿದ್ದಾರೆ.