ಮದುವೆ ಬ್ಯಾಂಡಿನ ಕ್ಲಾರಿನೆಟ್, ವಿಡಿಯೋ ಗೇಮ್ ಜಾಝ್: ನನ್ನ ಅನುಭವ

ಒಂದೂವರೆ ನಿಮಿಷಕ್ಕೆ ಮತ್ತೆ ಮೊದಲಿಗೇ ಬಂದು ನಿಲ್ಲುವ ಗೇಮಿನ ಟ್ಯೂನಿನ ಮೇಲೆ ಎಷ್ಟು ಹೊತ್ತು ಸೋಲೋ ನುಡಿಸುತ್ತೀರಿ ಎಂದು ಬೆಂಗಳೂರಿನ ಜಾಝ್ ಗೆಳೆಯರು ಕೇಳಿದ್ದರು. ತುಮಕೂರಿನಲ್ಲಿ ಇದನ್ನು ಕೇಳೋರು ಯಾರು ಎಂದದ್ದು ನಮ್ಮ ಆರ್ಕೆಸ್ಟ್ರಾ ಗೆಳೆಯರು. ಈಗ ಹಳೆಯ ವಿಡಿಯೋ ಗೇಮ್ ಟ್ಯೂನುಗಳನ್ನು ಜಾಝ್ ಮಾಡಿ ನಾವು ಆರು ಜನ ಸೇರಿ ನುಡಿಸುವ ಐವತ್ತು ನಿಮಿಷದ ಸೆಟ್ ನಿಂತಿದೆ. ಕಳೆದ ಮೂರು ಶೋಗಳಲ್ಲಿ ಜನ ಕೊನೆಯವರೆಗೂ ಕೂತಿದ್ದರು. ಸ್ವಿಂಗ್ (ಉದ್ದ-ಗಿಡ್ಡವಾಗಿ ತೂಗುವ ಲಯ), ಟೂ-ಫೈವ್-ಒನ್ (ಜಾಝ್‌ನ ಸಾಮಾನ್ಯ ಕಾರ್ಡ್ ಸರಣಿ), ವಾಕಿಂಗ್ ಬೇಸ್ (ಬೀಟಿಗೊಂದು ಸ್ವರದಂತೆ ನಡೆಯುವ ಬೇಸ್) ಬಲ್ಲವರಿಗಾಗಿ ಬರೆಯುತ್ತಿದ್ದೇನೆ, ಅವನ್ನು ಇದಕ್ಕಿಂತ ಹೆಚ್ಚು ವಿವರಿಸಲು ಹೋಗುವುದಿಲ್ಲ.

ಮೊದಲ ಆರು ತಿಂಗಳು ಹಾಳಾಗಿದ್ದು ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಬದಲಿಸುವ ಚಟದಿಂದ. ಸೂಪರ್ ಮಾರಿಯೋ ಬ್ರದರ್ಸ್ (1985) ಗೇಮಿನ ಮುಖ್ಯ ಟ್ಯೂನು ಕೋಜಿ ಕೊಂಡೋ ಅವರದು. ಅದರ ಮೊದಲ ಹೊಡೆತದಲ್ಲೇ ಕೆಳಗೆ ಡಿ, ನಡುವೆ ಎಫ್ ಶಾರ್ಪ್, ಮೇಲೆ ಇ ಇದೆ. ಅಂದರೆ ಡಿ ನೈನ್ ಕಾರ್ಡ್. ಅದು ಜಿಗೆ ಹೋಗಿ ಸಿಗೆ ಇಳಿಯುತ್ತದೆ, ಟೂ-ಫೈವ್-ಒನ್ ದಾರಿಯೇ. ಜಾಝ್ ಅದರೊಳಗೇ ಕೂತಿದೆ. ನಾವು ಅದನ್ನು ನೋಡದೆ ಡಿ ನೈನ್ ಜಾಗದಲ್ಲಿ ಎ ಫ್ಲ್ಯಾಟ್ ಸೆವೆನ್ ಹಾಕಿದೆವು, ಬೇಸನ್ನು ಪೂರ್ತಿ ವಾಕಿಂಗ್ ಮಾಡಿದೆವು, ಮೆಲೊಡಿಯನ್ನು ಸ್ಯಾಕ್ಸೋಫೋನಿಗೆ ಕೊಟ್ಟೆವು. ಗಣೇಶನ ಪೆಂಡಾಲಿನಲ್ಲಿ ನುಡಿಸಿದಾಗ ಎಂಟು ಬಾರ್ (ತಾಳದ ಆವರ್ತ) ಆದರೂ ಇದು ಮಾರಿಯೋ ಎಂದು ಯಾರಿಗೂ ಹತ್ತಲಿಲ್ಲ. ಶೋಗೆ ಸಿಕ್ಕ ಹಣ ಎಂಟು ಸಾವಿರ, ಸೌಂಡ್ ಬಾಡಿಗೆಯೇ ಹನ್ನೆರಡು ಸಾವಿರ.

ಆಮೇಲೆ ಹಿಡಿದ ದಾರಿ ಇದು. ಕಾರ್ಡಿಗೆ ಕೈ ಹಾಕುವ ಮೊದಲು ಗೇಮ್ ಪೆಟ್ಟಿಗೆಯಲ್ಲಿ ಸದ್ದು ಹುಟ್ಟಿಸುವ ಚಿಪ್‌ನ ಒಂದೊಂದು ಸಾಲನ್ನೂ ಒಬ್ಬೊಬ್ಬ ವಾದಕರಿಗೆ ಹಂಚಿದೆವು. ಆ ಕಾಲದ ನಿಂಟೆಂಡೋ ಪೆಟ್ಟಿಗೆಯ ರಿಕೋ 2ಎ03 ಚಿಪ್‌ನಲ್ಲಿ ಎರಡು ಪಲ್ಸ್ ಸಾಲು (ಚೌಕಾಕಾರದ ಅಲೆ), ಬೇಸಿಗೆ ಒಂದು ತ್ರಿಕೋನ ಅಲೆ, ತಾಳಕ್ಕೆ ಒಂದು ನಾಯ್ಸ್ (ಬರೀ ಸದ್ದು), ಜೊತೆಗೊಂದು ಸ್ಯಾಂಪಲ್ ಸಾಲು ಇವೆ. ಎಮ್ಯುಲೇಟರಿನಲ್ಲಿ (ಹಳೆಯ ಗೇಮನ್ನು ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶ) ಒಂದೊಂದನ್ನೇ ಮ್ಯೂಟ್ ಮಾಡಿ ಬರೆದುಕೊಳ್ಳಿ. ಒಂದು ಟ್ಯೂನಿಗೆ ಎರಡು ಸಂಜೆ ಸಾಕು.

ಪಲ್ಸ್ ಸಾಲಿಗೆ ಸ್ಯಾಕ್ಸ್ ಹೊಂದುವುದಿಲ್ಲ. ಅದು ಶಂಕುವಿನಾಕಾರದ ಕೊಳವೆ, ಎಲ್ಲ ಹಾರ್ಮೋನಿಕ್ಸೂ (ಮೂಲ ಸ್ವರದ ಜೊತೆ ಮೊಳಗುವ ಮೇಲಿನ ಸ್ವರಗಳು) ಬರುತ್ತವೆ. ಪಲ್ಸ್ ಸಾಲಿನ 50 ಪರ್ಸೆಂಟ್ ಚೌಕ ಅಲೆಯಲ್ಲಿ (ಅರ್ಧ ಮೇಲೆ, ಅರ್ಧ ಕೆಳಗೆ) ಬೆಸ ಸಂಖ್ಯೆಯವು ಮಾತ್ರ. ಕೆಳ ಸ್ಥಾಯಿಯಲ್ಲಿ ಹಾಗೆಯೇ ಬೆಸ ಹಾರ್ಮೋನಿಕ್ಸನ್ನು ಮುಂದಿಟ್ಟುಕೊಂಡು ನುಡಿಯುವ ವಾದ್ಯ ಕ್ಲಾರಿನೆಟ್, ಮತ್ತು ನಮ್ಮ ಜಿಲ್ಲೆಯ ಮದುವೆ ಬ್ಯಾಂಡ್ ಸೆಟ್ಟುಗಳಲ್ಲಿ ಅದು ಇದ್ದೇ ಇದೆ. ವೈಬ್ರೆಟೋ (ಸ್ವರದ ನಡುಕ) ಇಲ್ಲದೆ ನೇರ ಊದಿದರೆ ಮೊದಲ ನಾಲ್ಕು ಸ್ವರಕ್ಕೇ ಜನ ತಲೆ ಎತ್ತುತ್ತಾರೆ.

ತೊಡಕೂ ಇದೆ. ಮೂಲದ ಮೆಲೊಡಿ ಕ್ಲಾರಿನೆಟ್ಟಿನ ಆ ಕೆಳ ಸ್ಥಾಯಿಗಿಂತ ಮೇಲಿದೆ. ಹಾಗಾಗಿ ಒಂದು ಸ್ಥಾಯಿ ಇಳಿಸಿ, ಸಿ ಬದಲು ಬಿ ಫ್ಲ್ಯಾಟ್ ಶ್ರುತಿಗೆ ತಂದೆವು. ಈ ವಾದ್ಯಗಳಿಗೆ ಬರೆಯುವ ಸ್ವರ ಬೇರೆ, ಮೊಳಗುವ ಸ್ವರ ಬೇರೆ. ಆಗ ಕ್ಲಾರಿನೆಟ್, ಟ್ರಂಪೆಟ್ ಇಬ್ಬರಿಗೂ ಬರಹದಲ್ಲಿ ಸಿ, ಆಲ್ಟೋ ಸ್ಯಾಕ್ಸಿಗೆ ಜಿ. ಎಲ್ಲರಿಗೂ ಸಲೀಸು. ಮೆಲೊಡಿಯ ಎರಡನೇ ಸಾಲಿನಲ್ಲಿ ಸಿ, ಜಿ, ಇ ಎಂದು ಇಳಿಯುವ ಜಾಗ ಕ್ಲಾರಿನೆಟ್ಟಿನ ಅತಿ ಕೆಳಗಿನ ಸ್ವರಕ್ಕೆ ಸರಿಯಾಗಿ ಬಂದು ನಿಲ್ಲುತ್ತದೆ; ಅರ್ಧ ಸ್ವರ ಇನ್ನೂ ಇಳಿಸಿದ್ದರೆ ಆ ಸ್ವರವೇ ಇರುತ್ತಿರಲಿಲ್ಲ. ಆದರೆ ಮೊದಲ ಸಾಲಿನ ಎತ್ತರದ ಸ್ವರ ವಾದ್ಯದ ಕಂಠದ ಜಾಗಕ್ಕೆ (ಬಹುತೇಕ ತೂತುಗಳು ತೆರೆದೇ ಇರುವ ಸ್ವರಗಳು), ಬರಹದ ಜಿಗೆ ಬೀಳುತ್ತದೆ. ಅಲ್ಲಿ ನಾದ ಸೋರುತ್ತದೆ. ಬಲಗೈಯ ಕೆಲವು ಬೆರಳು ಮುಚ್ಚಿದರೆ ಗಟ್ಟಿಯಾಗುತ್ತದೆ. ಯಾವ ಬೆರಳು ಎಂಬುದನ್ನು ಬರೆಯಬಾರದು ಎಂದು ನಮ್ಮ ಕ್ಲಾರಿನೆಟ್ಟಿನವರ ಕರಾರು, ಆದ್ದರಿಂದ ಅಷ್ಟಕ್ಕೇ ಬಿಡುತ್ತೇನೆ.

ಎರಡನೇ ಪಲ್ಸ್ ಸಾಲು ಹಾರ್ಮನ್ ಮ್ಯೂಟ್ (ಬಾಯಿಗೆ ಸಿಕ್ಕಿಸಿ ಸದ್ದು ತೆಳುಮಾಡುವ ಮುಚ್ಚಳ) ಹಾಕಿದ ಟ್ರಂಪೆಟ್ಟಿಗೆ. ಮೆಲೊಡಿಯನ್ನು ಒಂದು ಸ್ಥಾಯಿ ಇಳಿಸಿದ್ದರಿಂದ ಟ್ರಂಪೆಟ್ ಈಗ ಅದರ ಮೇಲೆ ಕೂರುತ್ತದೆ, ಕೇಳುವವರು ಅದನ್ನೇ ಟ್ಯೂನು ಅಂದುಕೊಳ್ಳುತ್ತಾರೆ. ಇಳಿಸೋಣವೆಂದರೆ ಟ್ರಂಪೆಟ್ಟಿನ ತಳಕ್ಕೇ ಮುಟ್ಟುತ್ತದೆ, ಅಲ್ಲಿ ಶಕ್ತಿ ಇಲ್ಲ. ಮೈಕ್ ತೆಗೆದು, ಕ್ಲಾರಿನೆಟ್ಟಿನಿಂದ ಐದು ಅಡಿ ಹಿಂದೆ ನಿಲ್ಲಿಸಿದ ಮೇಲೆ ಸರಿಹೋಯಿತು. ಗಾಜು, ತಗಡಿನ ಸಭಾಂಗಣದಲ್ಲಿ ಈ ಉಪಾಯವೂ ನಡೆಯುವುದಿಲ್ಲ, ಹಿಂದಿನ ಗೋಡೆಗೆ ಪರದೆ ಬೇಕೇ ಬೇಕು.

ಇನ್ನು ಬೇಸ್. ಇಡೀ ಕೆಲಸ ನಿಂತಿರುವುದು ಇದರ ಮೇಲೆ. ತ್ರಿಕೋನ ಸಾಲಿಗೆ ವಾಲ್ಯೂಮ್ ಹಿಡಿತವೇ ಇಲ್ಲ, ಇದ್ದರೆ ಪೂರ್ತಿ, ಇಲ್ಲದಿದ್ದರೆ ಮೌನ. ಬೇಸ್ ಗಿಟಾರಿಗೆ ನುಣುಪು ಮೈಯ ಫ್ಲ್ಯಾಟ್‌ವೌಂಡ್ ತಂತಿ, ಬ್ರಿಡ್ಜ್ ಹತ್ತಿರ ತಂತಿಯ ಕೆಳಗೆ ಬೆರಳಗಲದ ಸ್ಪಂಜು, ಟೋನ್ ನಾಬ್ ಪೂರ್ತಿ ಮುಚ್ಚಿ, ಒಂದೇ ಜೋರಿನಲ್ಲಿ ನುಡಿಸಬೇಕು. ಹೆಡ್‌ನಲ್ಲಿ (ಸೋಲೋಗೆ ಮುಂಚೆ ಟ್ಯೂನನ್ನು ಇದ್ದಂತೆ ನುಡಿಸುವ ಭಾಗ) ಬೇಸಿನ ಲಯವನ್ನೂ ಅದರ ಖಾಲಿ ಜಾಗಗಳನ್ನೂ ಮುಟ್ಟಬೇಡಿ. ಮೇಲಿನ ಕಾರ್ಡಿಗೆ ಏನು ಬೇಕಾದರೂ ಸೇರಿಸಿ, ಜನ ದಾರಿ ತಪ್ಪುವುದಿಲ್ಲ. ಅದೇ ಎ ಫ್ಲ್ಯಾಟ್ ಸೆವೆನ್ನನ್ನು ಈಗ ಕೀಬೋರ್ಡಿನಲ್ಲಿ ಹಾಕುತ್ತೇವೆ. ಕೆಳಗೆ ಡಿ ಉಳಿದಿರುವುದರಿಂದ ಅದು ಬಣ್ಣವಾಗಿ ಕೇಳುತ್ತದೆ. ವಾಕಿಂಗ್ ಬೇಸ್ ಸೋಲೋ ಶುರುವಾದ ಮೇಲೆ ಮಾತ್ರ.

ನಾಯ್ಸ್ ಸಾಲಿಗೆ ಸ್ನೇರ್ ಮೇಲೆ ಬ್ರಷ್. ತಮಟೆಯನ್ನೂ ನೋಡಿದೆವು. ಬೆಂಕಿಗೆ ಕಾಯಿಸಿದ ತಮಟೆಯ ಚುರುಕು ಬಹಳ ಚೆಂದ, ಆದರೆ ಒಳಾಂಗಣದಲ್ಲಿ ಕ್ಲಾರಿನೆಟ್ಟನ್ನು ನುಂಗುತ್ತದೆ. ಬಯಲು ಶೋಗೆ ಅದನ್ನು ಇಟ್ಟುಕೊಂಡಿದ್ದೇವೆ.

ವೇಗದ ವಿಷಯದಲ್ಲಿ ನಾವು ಕಂಡುಕೊಂಡದ್ದನ್ನು ಬೇರೆಯವರು ಹೇಳಿದ್ದು ನಾನು ಕೇಳಿಲ್ಲ. ಮೂಲದ ವೇಗ ನಿಮಿಷಕ್ಕೆ ಹೆಚ್ಚುಕಡಿಮೆ 200 ಬೀಟ್. ಆ ವೇಗದಲ್ಲಿ ನುಡಿಸಿದರೆ ನಮ್ಮ ಜನ ಓಡುತ್ತಿದೆ ಅನ್ನುತ್ತಾರೆ. ಕಾರಣ, ಇಲ್ಲಿ ಮನೆಮನೆಯಲ್ಲಿ ಇದ್ದದ್ದು ಕ್ಯಾಸೆಟ್ ಹಾಕುವ ನಕಲಿ ಪೆಟ್ಟಿಗೆಗಳು, ನಮ್ಮ 50 ಹರ್ಟ್ಜ್ ಟಿವಿಗೆ ಹೊಂದಿಸಿದವು. ಸಂಗೀತ ಮುಂದೆ ಸರಿಯುವುದು ಪರದೆಯ ಒಂದೊಂದು ಫ್ರೇಮಿಗೆ. ಮೂಲದಲ್ಲಿ ಸೆಕೆಂಡಿಗೆ 60, ಇಲ್ಲಿ 50, ಹಾಗಾಗಿ ವೇಗ ಆರರಲ್ಲಿ ಐದು ಪಾಲು. ನಾವು 168ಕ್ಕೆ ಇಳಿಸಿದೆವು. ಸ್ವಿಂಗ್ ಬಿಡಿಸಿಕೊಂಡಿತು, ಜನಕ್ಕೂ ತಮ್ಮ ಮನೆಯ ಟಿವಿಯ ಟ್ಯೂನೇ ಸಿಕ್ಕಿತು.

ಒಂದು ಎಚ್ಚರಿಕೆ. ಮೆಲೊಡಿಯ ನಾಲ್ಕನೇ ಸಾಲಿನಲ್ಲಿ ಜಿ, ಇ, ಜಿ ಎಂಬ ಮೂರು ಸ್ವರ ಎರಡು ಬೀಟಿನಲ್ಲಿ ಸಮವಾಗಿ ಕೂರಬೇಕು. ಬ್ಯಾಂಡ್ ಸೆಟ್ಟಿನವರ ಕೈ ಅದನ್ನು ಮೂರು-ಮೂರು-ಎರಡು (ಉದ್ದ, ಉದ್ದ, ಗಿಡ್ಡ) ಮಾಡಿಬಿಡುತ್ತದೆ. ತಿಶ್ರ ನಡೆಯಲ್ಲಿ ತಕಿಟ ತಕಿಟ ಹೇಳಿಸಿ, ಒಂದು ಅಕ್ಷರ ಬಿಟ್ಟು ಒಂದಕ್ಕೆ ಸ್ವರ ಇಡಿಸಿದರೆ ಹದಿನೈದು ನಿಮಿಷದಲ್ಲಿ ಸರಿಹೋಗುತ್ತದೆ. ಕಾಗದ ತೋರಿಸಿ ಒಂದು ವಾರ ಕಳೆದಿದ್ದೆವು.

ಸೋಲೋ ಸ್ಯಾಕ್ಸಿನದು. ನಮ್ಮ ಸ್ಯಾಕ್ಸ್‌ನವರು ದೇವಸ್ಥಾನ, ಮದುವೆಗಳಲ್ಲಿ ಕರ್ನಾಟಕ ಸಂಗೀತ ನುಡಿಸುವವರು. ಹೆಡ್‌ನಲ್ಲಿ ಗಮಕ ಹಾಕಿದರೆ ಟ್ಯೂನು ಹೋಗಿ ಶಂಕರಾಭರಣ ರಾಗ ಕೂತುಬಿಡುತ್ತದೆ, ಆದ್ದರಿಂದ ಅಲ್ಲಿ ಗಮಕ ಪೂರ್ತಿ ಬಂದ್. ಎ ಫ್ಲ್ಯಾಟ್, ಬಿ ಫ್ಲ್ಯಾಟ್, ಸಿ ಎಂದು ಕಾರ್ಡ್ ಏರುವ ಭಾಗವನ್ನು ಮಾತ್ರ ಸೋಲೋಗೆ ತೆರೆದೆವು. (ಮೂಲ ಶ್ರುತಿಯ ಹೆಸರಲ್ಲೇ ಹೇಳುತ್ತಿದ್ದೇನೆ.) ಸಿಯನ್ನು ಷಡ್ಜ ಮಾಡಿಕೊಂಡರೆ ಎ ಫ್ಲ್ಯಾಟ್ ಶುದ್ಧ ಧೈವತ, ಬಿ ಫ್ಲ್ಯಾಟ್ ಕೈಶಿಕಿ ನಿಷಾದ, ಬಂದು ನಿಂತಾಗ ಇ ಅಂತರ ಗಾಂಧಾರ. ಇದು ಚಾರುಕೇಶಿ ರಾಗ. ಎ ಫ್ಲ್ಯಾಟ್ ಕಾರ್ಡಿನೊಳಗಿನ ಇ ಫ್ಲ್ಯಾಟ್ ಮಾತ್ರ ರಾಗದ ಹೊರಗಿನದು, ಕೀಬೋರ್ಡ್ ಆ ಸ್ವರ ಬಿಡಬೇಕು. ಮೆಲೊಡಿ ಇಲ್ಲೇ ಇ, ಸಿ, ಎ, ಜಿ ಎಂದು ಇಳಿಯುವಾಗ ಚತುಶ್ರುತಿ ಧೈವತ ತಾಗುತ್ತದೆ. ಒಂದೇ ಸಾಲಿನಲ್ಲಿ ಎರಡು ಧೈವತ. ಸ್ಯಾಕ್ಸ್‌ನವರು ಈ ಎರಡರ ನಡುವೆ ಓಡಾಡುವುದಕ್ಕೇ ಹದಿನಾರು ಬಾರ್ ಕೊಟ್ಟಿದ್ದೇವೆ. ಒಂದೂವರೆ ನಿಮಿಷದ ಟ್ಯೂನು ಹನ್ನೊಂದು ನಿಮಿಷವಾಗಿದ್ದು ಹೀಗೆ.

ಅದೇ ಗೇಮಿನ ನೆಲಮಾಳಿಗೆಯ ಟ್ಯೂನು ಆರು ಸ್ವರ, ಆಮೇಲೆ ಉದ್ದದ ಮೌನ. ಆರು ಸ್ವರಕ್ಕೆ ಒಂದು ಮೌನ ಸೇರಿಸಿ ಮಿಶ್ರ ಚಾಪು (ಏಳು ಅಕ್ಷರದ ತಾಳ) ಮಾಡಿದೆವು, ಕೆಟ್ಟಿತು. ಆ ಟ್ಯೂನಿನ ಗುರುತೇ ಮೌನ. ಈಗ ಎರಡು ಆವರ್ತ ಸೇರಿಸಿ ಹದಿನಾಲ್ಕು ಅಕ್ಷರ, ಆರು ಸ್ವರ, ಎಂಟು ಖಾಲಿ. ಆ ಎಂಟರಲ್ಲಿ ಖಂಜಿರ ಒಂದೇ. ನೀರೊಳಗಿನ ಟ್ಯೂನು ಮೊದಲೇ ವಾಲ್ಟ್ಜ್ (ಮೂರು ಬೀಟಿನ ಲಯ), ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಗೇಮ್ ಬಾಯ್ ಟೆಟ್ರಿಸ್‌ನ (1989) ಟ್ಯೂನು ಕೊರೊಬೈನಿಕಿ ಎಂಬ ರಷ್ಯನ್ ಜನಪದ ಹಾಡು. ಅದನ್ನು ಜಿ ಮೈನರಿಗೆ ತನ್ನಿ, ಆಲ್ಟೋಗೆ ಇ ಮೈನರ್, ಕ್ಲಾರಿನೆಟ್ಟಿಗೆ ಎ ಮೈನರ್ ಬರುತ್ತದೆ.

ನಕಲಿ ಪೆಟ್ಟಿಗೆಯನ್ನೇ ವೇದಿಕೆಯಲ್ಲಿ ಬ್ಯಾಂಡಿನ ಜೊತೆ ಓಡಿಸುವ ಪ್ರಯೋಗಕ್ಕೆ ಸುಮಾರು ನಾಲ್ಕು ಸಾವಿರ ಹೋಯಿತು. ಜನರೇಟರಿನ ಹಮ್‌ಗೆ ಡಿಐ ಬಾಕ್ಸ್ (ಆ ಗುಂಯ್‌ಗುಡುವ ಸದ್ದು ತಡೆಯುವ ಪೆಟ್ಟಿಗೆ) ಹಾಕಿದೆವು, ಅದು ಬಗೆಹರಿಯಿತು. ಶ್ರುತಿ ಬಗೆಹರಿಯಲಿಲ್ಲ. ಪೆಟ್ಟಿಗೆ 16 ಸೆಂಟ್‌ನಷ್ಟು (ಅರ್ಧ ಸ್ವರದ ನೂರರಲ್ಲಿ ಹದಿನಾರು ಪಾಲು) ಕೆಳಗಿದೆ; ಬೇಸಿಗೆಯಲ್ಲಿ ಊದುವ ವಾದ್ಯಗಳ ಶ್ರುತಿ ಏರುತ್ತದೆ, ಪೆಟ್ಟಿಗೆಯದು ಏರುವುದಿಲ್ಲ. ಏಪ್ರಿಲ್ ಸಂಜೆ ಕ್ಲಾರಿನೆಟ್ಟಿನ ಬ್ಯಾರೆಲ್ (ಶ್ರುತಿ ಹೊಂದಿಸುವ ಕೊಳವೆ ತುಂಡು) ಎಷ್ಟು ಹೊರಗೆಳೆದರೂ ಸೇರಲಿಲ್ಲ. ಅದರಿಂದ ಉಳಿದದ್ದು ಒಂದು ಗುಣ: ಮಾರಿಯೋ ಹಾರಿದಾಗ ಆ ಸದ್ದು ಒಂದು ಪಲ್ಸ್ ಸಾಲನ್ನು ಕಸಿದುಕೊಳ್ಳುತ್ತದೆ. ಈಗ ಡ್ರಮ್ಮರ್ ರಿಮ್ (ಡ್ರಮ್ಮಿನ ಅಂಚು) ಹೊಡೆದರೆ ಟ್ರಂಪೆಟ್ ಎರಡು ಬೀಟ್ ಕಾಣೆ. ಎಲ್ಲಿ ಹೊಡೆಯಬೇಕೆಂದು ಬರೆದಿಟ್ಟಿಲ್ಲ, ಆ ಕ್ಷಣದಲ್ಲಿ ಡ್ರಮ್ಮರ್ ಇಷ್ಟ.

ಖರ್ಚು ನೆನಪಿನಿಂದ: ಇಂಟರ್‌ಫೇಸ್ (ಧ್ವನಿಯನ್ನು ಕಂಪ್ಯೂಟರಿಗೆ ಹಾಯಿಸುವ ಪೆಟ್ಟಿಗೆ) ಒಂಬತ್ತೂವರೆ ಸಾವಿರ, ಮ್ಯೂಟ್ ಮೂರು, ಬೇಸ್ ತಂತಿ ಮೂರೂವರೆ, ರೀಡು ವರ್ಷಕ್ಕೆ ಐದಾರು ಸಾವಿರ. ದೊಡ್ಡದು ರಿಹರ್ಸಲ್. ಬಿ.ಎಚ್. ರಸ್ತೆ ಕಡೆ ಕೋಣೆ ಗಂಟೆಗೆ ಮುನ್ನೂರೈವತ್ತು, ಊದುವವರಿಗೆ ದಿನಕ್ಕೆ ಆರುನೂರು. ಒಟ್ಟು ಒಂದೂಕಾಲು ಲಕ್ಷ ದಾಟಿದೆ. ಮದುವೆ ಸೀಸನ್ನಿನಲ್ಲಿ ಬ್ಯಾಂಡಿನವರನ್ನು ಕರೆಯಬೇಡಿ, ಬರುವುದೂ ಇಲ್ಲ, ಬಂದರೂ ತುಟಿ ದಣಿದಿರುತ್ತದೆ. ಆಷಾಢ, ಧನುರ್ಮಾಸ ಎರಡರಲ್ಲೇ ಎಲ್ಲ ರಿಹರ್ಸಲ್ ಮುಗಿಸಿ. ಈಗ ಶೋಗೆ ಮೂವತ್ತೈದು ಸಾವಿರ ಕೇಳುತ್ತೇವೆ, ಕೊಡುತ್ತಾರೆ.

ಕೊನೆಗೆ, ಮುಗಿಸುವುದು. ಗೇಮಿನ ಟ್ಯೂನಿಗೆ ಮುಕ್ತಾಯ ಇರುವುದಿಲ್ಲ. ಗೇಮಿನಲ್ಲಿ ಸಮಯ 100ಕ್ಕಿಂತ ಕೆಳಗಿಳಿದರೆ ಸಂಗೀತ ಓಡತೊಡಗುತ್ತದಲ್ಲ, ಅದನ್ನೇ ತೆಗೆದುಕೊಂಡೆವು. 168ರಲ್ಲಿ ಎರಡು ಬೀಟಿಗೆ ಮೂರು ಕೂರುವ ಆ ಸ್ವರಗಳನ್ನೇ ಹೊಸ ಬೀಟ್ ಮಾಡಿದರೆ ವೇಗ 252. ಅಲ್ಲಿ ಸ್ವಿಂಗನ್ನು ಹೆಚ್ಚುಕಡಿಮೆ ಸಮ ಮಾಡಿ, ಇಲ್ಲದಿದ್ದರೆ ಕುಂಟುತ್ತದೆ. ಆರೂ ಜನ ಒಟ್ಟಿಗೆ ಜಿಗಿಯುವ ಸನ್ನೆ ಏನು ಎಂಬುದು ನಮ್ಮಲ್ಲೇ ಇರಲಿ. ಎರಡು ಸುತ್ತು ಓಡಿ, ಮೂರನೆಯದರ ಮೊದಲ ಡಿ ನೈನ್ ಹೊಡೆದು ನಿಲ್ಲಿಸುತ್ತೇವೆ. ಕ್ಲಾರಿನೆಟ್ ತಡವಾದರೆ ಬೇಸ್ ಆ ಡಿಯನ್ನು ಹಿಡಿದು ನಿಂತಿರಬೇಕು, ಬಿಡಬಾರದು.