ಚಂತಬುರಿಗೆ ಬರುವ ಕೊಡಗಿನವರಿಗೆ

ಥಾಯ್ಲೆಂಡಿನ ಪೂರ್ವ ಕರಾವಳಿಯ ಚಂತಬುರಿ ಪ್ರಾಂತಕ್ಕೆ ಕೆಲಸದ ಮೇಲೆ ಬರುವ ಕೊಡಗಿನವರಿಗೆ ಮೊದಲ ಕೆಲವು ದಿನ ಊರಿನಲ್ಲೇ ಇದ್ದಂತೆ ಅನ್ನಿಸುವುದುಂಟು; ಬೆಟ್ಟಕ್ಕೆ ಕವಿದ ಮೋಡ, ಕಂಬಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ, ಸಂತೆಯಲ್ಲಿ ಏಲಕ್ಕಿ, ಎಲ್ಲವೂ ಇಲ್ಲಿವೆ. ನಾಪೋಕ್ಲಿನ ತೋಟದ ಮನೆಯಿಂದ ಬಂದ ನಾನು ಆ ಹೋಲಿಕೆಯನ್ನು ಪೂರ್ತಿ ನಂಬಿ ಮೊದಲ ವರ್ಷ ಕಷ್ಟಪಟ್ಟೆ. ನಿಮಗೆ ಹಾಗಾಗಬಾರದು.

ಮಳೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಇಲ್ಲಿ ಬೀಳುವುದೂ ನೈಋತ್ಯ ಮಾರುತದ ಮಳೆಯೇ. ಥಾಯ್ಲೆಂಡ್ ಕೊಲ್ಲಿಯ ತೇವವನ್ನು ಹೊತ್ತು ಬರುವ ಗಾಳಿ ಪ್ರಾಂತದ ಬೆಟ್ಟಸಾಲಿಗೆ ತಡೆದು ಮೇಲೇರುವುದರಿಂದ, ವರ್ಷಕ್ಕೆ ಬೀಳುವ ಸುಮಾರು 3,000 ಮಿಲಿಮೀಟರ್ ಮಳೆಯಲ್ಲಿ ಬಹುಪಾಲು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೇ ಸುರಿಯುತ್ತದೆ. ಆದರೆ ಮಡಿಕೇರಿಯ ಕಕ್ಕಡದ ಮಳೆಗೆ ಕಂಬಳಿ ಹೊದೆಯುವ ನಾವು, ಸಮುದ್ರಮಟ್ಟಕ್ಕೆ ಹತ್ತಿರವಿರುವ ಈ ಪಟ್ಟಣದಲ್ಲಿ ಜಡಿಮಳೆಯ ನಡುವೆಯೂ ಬೆವರುತ್ತೇವೆ. ಊರಿನಲ್ಲಿ ಒಲೆಯ ಮೇಲಿನ ಅಟ್ಟ ಎಲ್ಲವನ್ನೂ ಒಣಗಿಸುತ್ತಿತ್ತು. ಇಲ್ಲಿ ಆ ಒಲೆಯಿಲ್ಲ. ಬೀರುವಿನಲ್ಲಿ ಜೋಪಾನವಾಗಿಟ್ಟಿದ್ದ ನನ್ನ ಪದವಿಪತ್ರ ಆಗಸ್ಟ್ ಹೊತ್ತಿಗೆ ಹಸಿರು ಬೂಷ್ಟು ಹಿಡಿದು, ಒರೆಸಿದಾಗ ಸಹಿಯೂ ಅಳಿಸಿಹೋಯಿತು. ಕಾಗದಪತ್ರಗಳನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. ಸ್ವೆಟರ್ ತರಬೇಡಿ.

ನಮಗೆ ಕಡಲು ಘಟ್ಟ ಇಳಿದ ಮೇಲೆ ಸಿಗುವಂಥದ್ದು. ಇಲ್ಲಿ ಒಂದೇ ಪ್ರಾಂತದೊಳಗೆ ಉತ್ತರಕ್ಕೆ 1,600 ಮೀಟರಿಗೂ ಎತ್ತರದ ಕಾವ್ ಸೊಯ್ ದಾವ್ ಬೆಟ್ಟವಿದ್ದು, ದಕ್ಷಿಣಕ್ಕೆ ಕುಂಗ್ ಕ್ರಬೇನ್ ಕೊಲ್ಲಿಯ ಕಾಂಡ್ಲಾ ಕಾಡಿದೆ. ನಡುವೆ ಡ್ಯೂರಿಯನ್ ತೋಟಗಳಿವೆ. ಮುಳ್ಳು ನೋಡಿ ಹಲಸಿನ ನೆಂಟನೆಂದುಕೊಳ್ಳಬೇಡಿ, ಅದು ಬೇರೆಯೇ ಕುಟುಂಬದ ಹಣ್ಣು. ಅದರ ವಾಸನೆಯ ಕಾರಣಕ್ಕೆ ಅನೇಕ ಹೋಟೆಲುಗಳು ಅದನ್ನು ಒಳಗೆ ಬಿಡುವುದಿಲ್ಲ.

ವಾರದ ಕೊನೆಗೆ ನಡೆಯುವ ರತ್ನದ ಪೇಟೆಯನ್ನು ನೋಡಿ, ಆದರೆ ಪರೀಕ್ಷಾಲಯದ ಪತ್ರವಿಲ್ಲದೆ ಕೊಳ್ಳಬೇಡಿ. ಇಲ್ಲಿಯ ಹಳೆಯ ಗಣಿಗಳು ಬಹುತೇಕ ಬರಿದಾಗಿವೆ. ಆಫ್ರಿಕಾದಿಂದ ಬಂದ ಕೆಂಪು, ನೀಲಗಳನ್ನು ಕಾಯಿಸಿ ಬಣ್ಣ ಏರಿಸುವ ಕಸುಬಿಗೆ ಈ ಊರು ಹೆಸರಾಗಿದೆ.

ಪಂದಿ ಕರಿ ಮಾಡುವ ಮನೆಯವರಿಗೆ ಒಂದು ಸಂತೋಷದ ಸಂಗತಿಯನ್ನು ಹೇಳಲೇಬೇಕು. ಇಲ್ಲಿಯವರು ಹಂದಿಮಾಂಸವನ್ನು ಚಮುವಾಂಗ್ ಎಲೆಯೊಂದಿಗೆ ನಿಧಾನ ಉರಿಯಲ್ಲಿ ಬೇಯಿಸುತ್ತಾರೆ. ಆ ಮರವೂ ನಮ್ಮ ಕಾಚಂಪುಳಿಯ ಮರವೂ ಒಂದೇ ಕುಲದವು. ನಾವು ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕುದಿಸಿ ಹುಳಿ ತೆಗೆದರೆ, ಅವರು ಎಳೆ ಎಲೆಯನ್ನೇ ಹಾಕುತ್ತಾರೆ. ಮೊದಲ ತುತ್ತಿಗೆ ನನಗೆ ಅಮ್ಮನ ಅಡುಗೆಮನೆ ನೆನಪಾಯಿತು, ಎರಡನೆಯ ತುತ್ತಿಗೆ ಬೆಲ್ಲದಂಥ ಸಿಹಿ ನಾಲಿಗೆಗೆ ತಾಗಿತು.

ಮನೆಯೊಳಗೆ ಹೋಗುವಾಗ ಚಪ್ಪಲಿ ಕಳಚಿ, ಯಾರ ತಲೆಯನ್ನೂ ಮುಟ್ಟಬೇಡಿ, ರಾಜಮನೆತನದ ಬಗ್ಗೆ ಹಗುರವಾಗಿ ಮಾತಾಡಬೇಡಿ. ಅದಕ್ಕೆ ಕಠಿಣ ಶಿಕ್ಷೆಯಿದೆ. ಏಪ್ರಿಲ್ 13ರಿಂದ 15ರವರೆಗಿನ ಸೊಂಗ್‌ಕ್ರಾನ್ ನಮ್ಮ ಬಿಸುವಿನ ಹೊತ್ತಿಗೇ ಬರುವ ಸೌರ ವರ್ಷಾರಂಭ. ಆದರೆ ಇಲ್ಲಿಯ ಬುದ್ಧವರ್ಷದ ಲೆಕ್ಕ 543 ಮುಂದಿದೆ: ಔಷಧದ ಪೊಟ್ಟಣದ ಮೇಲೆ ಅವಧಿ 2570 ಎಂದಿದ್ದರೆ ಅದನ್ನು 2027 ಎಂದು ಓದಿಕೊಳ್ಳಿ.